ಪ್ರೆಸ್ ಕಟ್ಟನ್ನೂ ಹೊತ್ತುಕೊಂಡೇ ಮನೆಗೆ ಹೋಗಿ

ಪ್ರಶ್ನೆ: ನಾನು ಅರಣ್ಯಶಾಸ್ತ್ರ ಬಿ.ಎಸ್ಸಿ. ಎರಡನೇ ವರ್ಷದ ವಿದ್ಯಾರ್ಥಿನಿ. ಮನೆ ಕೊಡಗಿನ ನಾಪೋಕ್ಲು ಕಡೆ, ಇರುವುದು ಹಾಸ್ಟೆಲ್‌ನಲ್ಲಿ. ಆಗಸ್ಟ್ 7ಕ್ಕೆ ಹತ್ತು ಹರ್ಬೇರಿಯಂ ಶೀಟು (ಒತ್ತಿ ಒಣಗಿಸಿದ ಗಿಡ ಅಂಟಿಸಿದ ಹಾಳೆ) ಮತ್ತು ಮರದ ಅಳತೆಯ ರೆಕಾರ್ಡ್ ಕೊಡಬೇಕು. ಮರುದಿನ ಸಂಖ್ಯಾಶಾಸ್ತ್ರದ ಟೆಸ್ಟ್. ಒತ್ತಿಟ್ಟ ಗಿಡಗಳಿಗೆ ಬೂಷ್ಟು ಬಂದು ಎರಡೇ ಉಳಿದಿವೆ. ಒಂದು ದಿಮ್ಮಿಯ ಗಾತ್ರ 4,500 ಘನ ಮೀಟರ್ ಬಂದಿತ್ತು, ರಾತ್ರಿಯಿಡೀ ಕೂತು ಸರಿಮಾಡಿದೆ. ಗೆಳತಿ ತನ್ನ ಅಳತೆಗಳನ್ನೇ ಬರೆದುಕೋ ಅನ್ನುತ್ತಾಳೆ. 3ಕ್ಕೆ ಕಕ್ಕಡ 18, ಮದ್ದು ಸೊಪ್ಪಿನ ಪಾಯಸ ಮಾಡುವ ನಮ್ಮ ಕೊಡಗಿನ ಹಬ್ಬ, ಬಾ ಎಂದು ಅಮ್ಮನ ಫೋನು. ಹೋಗಲೋ ಬೇಡವೋ? ಎರಡು ಶೀಟು, ಒಂದು ಲೆಕ್ಕ: ಇಷ್ಟಕ್ಕೆ ಖುಷಿಪಡಲೂ ನಾಚಿಕೆ.

ಉತ್ತರ: ಹೋಗಿ. ಆದರೆ ಇವತ್ತೇ ಹೊಸ ಗಿಡಗಳನ್ನು ಒತ್ತಿಡಿ. ನೀವು ಕೂತು ಮಾಡುವ ಕೆಲಸವನ್ನು ನಾಳೆಗೆ ತಳ್ಳಬಹುದು, ತಾನಾಗಿ ಒಣಗಬೇಕಾದ್ದನ್ನು ತಳ್ಳಲಾಗದು.

ಬೂಷ್ಟು ಬಂದಿರುವುದು ಬಹುಶಃ ಮಳೆನೀರು ಸಮೇತ ಒತ್ತಿದ್ದರಿಂದ. ಹೂವೋ ಕಾಯೋ ಇರುವ ರೆಂಬೆಯನ್ನೇ ಆರಿಸಿ, ಶೀಟಿನ 42 × 29 ಸೆಂ.ಮೀ. ಒಳಗೆ ಕೂರುವಂತೆ ಕತ್ತರಿಸಿ, ಹತ್ತಿಬಟ್ಟೆಯಿಂದ ಒಂದೊಂದೇ ಎಲೆ ಒರೆಸಿ. ಒಂದೆರಡು ಎಲೆಗಳನ್ನು ಮಗುಚಿ ಹಾಕಿ, ಬೆನ್ನೂ ಕಾಣಬೇಕು. ಗಿಡ ಪತ್ರಿಕೆಯ ಮಡಿಕೆಯೊಳಗಿರಲಿ, ಎರಡೂ ಕಡೆ ಬ್ಲಾಟಿಂಗ್ ಪೇಪರ್, ನಡುನಡುವೆ ಗಾಳಿಯಾಡಲು ರಟ್ಟಿನ ಡಬ್ಬಿಯ ಅಲೆಯಲೆ ಹಾಳೆ. ಈ ಮಳೆಯಲ್ಲಿ ಮೊದಲ ಮೂರು ನಾಲ್ಕು ದಿನ ಬ್ಲಾಟಿಂಗ್ ಪೇಪರನ್ನು ಬೆಳಿಗ್ಗೆ ಸಂಜೆ ಬದಲಿಸಲೇಬೇಕು. ಇವನ್ನೆಲ್ಲ ಸೇರಿಸಿ ಬಿಗಿದ ಪ್ರೆಸ್ ಕಟ್ಟು ಗಿಡ ಒಣಗುತ್ತಾ ಸಡಿಲವಾಗುತ್ತದೆ. ಬಿಟ್ಟರೆ ಎಲೆ ಸುಕ್ಕುಗಟ್ಟುತ್ತದೆ, ಆಗಾಗ ಬಿಗಿಯಿರಿ. ಹೂವಿನ ಬಣ್ಣ, ಜಾಗ, ತಾರೀಖು ಕಿತ್ತ ದಿನವೇ ಬರೆದಿಡಿ, ಒಣಗಿದ ಮೇಲೆ ಬಣ್ಣ ಉಳಿಯುವುದಿಲ್ಲ.

3ನೇ ತಾರೀಖು ಆ ಕಟ್ಟನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಬಸ್ಸು ಹತ್ತಿ. ಮನೆ ತಲುಪಿದ ಕೂಡಲೇ ಪ್ಲಾಸ್ಟಿಕ್ ಬಿಚ್ಚಿ. ಸೌದೆ ಒಲೆಯಿದ್ದರೆ ಅದರ ಮೇಲಿನ ಅಟ್ಟದಂಥ ಒಣ ಜಾಗ ಹಾಸ್ಟೆಲ್‌ನಲ್ಲಿ ಎಲ್ಲಿದೆ? ಬೆಂಕಿಗೆ ತೀರಾ ಹತ್ತಿರ ಬೇಡ, ಎಲೆ ಪುಡಿಯಾಗುತ್ತದೆ. ಕೆನ್ನೆಗೆ ತಾಗಿಸಿದಾಗ ತಣ್ಣಗಿದ್ದರೆ ಇನ್ನೂ ಒಣಗಿಲ್ಲ ಎಂದರ್ಥ. ಅಂದ ಹಾಗೆ, ಪಾಯಸಕ್ಕೆ ತಂದ ಮದ್ದು ಸೊಪ್ಪನ್ನೂ ಒತ್ತುವ ಆಸೆಯಾದೀತು. ಹೂವಿಲ್ಲದಿದ್ದರೆ ಬೇಡ.

ಗೆಳತಿಯ ಅಳತೆ ಖಂಡಿತ ಬೇಡ. ಅವಳ ತಪ್ಪುಗಳೂ ನಿಮ್ಮ ಪುಟಕ್ಕೆ ಬರುತ್ತವೆ, ಎರಡೂ ರೆಕಾರ್ಡನ್ನು ನೋಡುವವರು ಒಬ್ಬರೇ. ಮನೆಯ ತೋಟದ ಸಿಲ್ವರ್ ಓಕ್ ಅಳೆಯಬಹುದೇ ಎಂದು ಮೇಷ್ಟ್ರನ್ನು ಮೊದಲೇ ಕೇಳಿ. ನೆಲದಿಂದ 1.37 ಮೀಟರ್ ಎತ್ತರದಲ್ಲಿ ಟೇಪ್ ಹಿಡಿಯಿರಿ. ಇಳಿಜಾರಿನಲ್ಲಿ ಮೇಲ್ಬದಿಗೆ ನಿಂತು ಆ ಎತ್ತರ ಗುರುತಿಸಿ. ಮೆಣಸಿನ ಬಳ್ಳಿ ಹಬ್ಬಿರುವ ಮರವಾದರೆ ಟೇಪು ಬಳ್ಳಿಯನ್ನೂ ಸೇರಿಸಿ ಸುತ್ತುತ್ತದೆ, ಸುತ್ತಳತೆ ಹೆಚ್ಚು ಬರುತ್ತದೆ. ಬಳ್ಳಿಯಡಿ ಟೇಪು ತೂರಿಸಿ, ಆಗದಿದ್ದರೆ ಬಳ್ಳಿಯಿಲ್ಲದ ಮರ ಹುಡುಕಿ. ಬಳ್ಳಿ ಕಿತ್ತರೆ ಮನೆಯವರು ಸುಮ್ಮನಿರುವುದಿಲ್ಲ.

ನೀವು ಸರಿಮಾಡಿದ ಲೆಕ್ಕಕ್ಕೆ ಬರೋಣ. ಸುತ್ತಳತೆ 120 ಸೆಂ.ಮೀ., ಉದ್ದ 5 ಮೀಟರ್ ಎಂದು ಊಹಿಸುತ್ತೇವೆ. ಸೂತ್ರ: ಕಾಲು ಸುತ್ತಳತೆಯ ವರ್ಗ × ಉದ್ದ. ಕಾಲು ಸುತ್ತಳತೆ 30 ಅನ್ನು ಸೆಂ.ಮೀ.ನಲ್ಲೇ ವರ್ಗ ಮಾಡಿ 5ರಿಂದ ಗುಣಿಸಿದರೆ 4,500, ಅದನ್ನೇ 0.3 ಮೀಟರ್ ಮಾಡಿಕೊಂಡು ಲೆಕ್ಕ ಹಾಕಿದರೆ 0.45 ಘನ ಮೀಟರ್. ಹತ್ತು ಸಾವಿರ ಪಟ್ಟು ಅಂತರ. ಈ ಸೂತ್ರವೇ ನಿಜವಾದ ಗಾತ್ರದ ಸುಮಾರು 78.5 ಶೇಕಡಾ ಮಾತ್ರ ಕೊಡುತ್ತದೆ ಎಂದು ಕೆಳಗೊಂದು ಸಾಲು ಬರೆಯಿರಿ. ಉತ್ತರ ಅಸಾಧ್ಯ ಎಂದು ನಿಮಗೇ ಹೊಳೆದು, ಬೇರೆಯವರ ನೆರವಿಲ್ಲದೆ ತಪ್ಪು ಹಿಡಿದಿರಿ. ಅದು ಈ ಕೋರ್ಸು ಕಲಿಸಬೇಕಾದ ವಿದ್ಯೆಯೇ. ನಾಚಿಕೆ ಬಿಟ್ಟು ಖುಷಿಪಡಿ.

ಟೆಸ್ಟ್‌ಗೆ ಒಂದೇ ಎಚ್ಚರಿಕೆ: ಮಾದರಿಯ ಮಾನಕ ವಿಚಲನೆಗೆ (ಸ್ಟ್ಯಾಂಡರ್ಡ್ ಡೀವಿಯೇಶನ್) ಅಳತೆಗಳ ಸಂಖ್ಯೆ n ಅಲ್ಲ, n−1ರಿಂದ ಭಾಗಿಸಿ. ಹತ್ತು ಅಳತೆಗಳಿದ್ದಾಗ ಇದನ್ನು ಮರೆತರೆ ಉತ್ತರ ಸುಮಾರು 5 ಶೇಕಡಾ ಕಡಿಮೆ ಬರುತ್ತದೆ. ಹಳೆಯ ಲೆಕ್ಕಗಳನ್ನು ಮನೆಯಲ್ಲಿ ಒಂದು ಸಂಜೆ ಮಾಡಿನೋಡಿ, ಸಾಕು.

ಈಗಲೇ ಅಮ್ಮನಿಗೆ ಫೋನ್ ಮಾಡಿ ಬರುತ್ತೇನೆ ಎನ್ನಿ, ಅಟ್ಟದಲ್ಲಿ ಒಂದಿಷ್ಟು ಜಾಗ ಬಿಡಿಸಿಡಲು ಹೇಳಿ.