ಎನ್‌ಎಫ್‌ಎಲ್ ಎಂಬ ಅಮೆರಿಕನ್ ಫುಟ್‌ಬಾಲ್ ಲೀಗ್ ಹುಟ್ಟಿದ್ದು ಏಕೆ?

ಆಟಗಾರರ ಸಂಬಳದ ಪೈಪೋಟಿಯಲ್ಲಿ ಕೈಸುಟ್ಟುಕೊಂಡ ತಂಡಗಳ ಮಾಲೀಕರು ತಮಗೆ ತಾವೇ ಕಡಿವಾಣ ಹಾಕಿಕೊಳ್ಳಲು ಕಟ್ಟಿದ ಕೂಟವಿದು. ಆಗ ಆಟಗಾರರು ಹೆಚ್ಚು ಹಣ ಕೊಟ್ಟವರ ಕಡೆಗೆ ಜಿಗಿಯುತ್ತಿದ್ದರು. ಕಾಲೇಜು ಹುಡುಗರನ್ನು ಸುಳ್ಳು ಹೆಸರಿನಲ್ಲಿ ಆಡಿಸುವುದೂ ಇತ್ತು. ಇದನ್ನು ತಡೆಯಲೆಂದು 1920ರ ಸೆಪ್ಟೆಂಬರ್ 17ರಂದು ಒಹಾಯೊದ ಕ್ಯಾಂಟನ್‌ನಲ್ಲಿ, ಅಲ್ಲಿನ ತಂಡದ ಮಾಲೀಕ ರಾಲ್ಫ್ ಹೇ ಅವರ ಕಾರು ಮಳಿಗೆಯಲ್ಲಿ, ಕುರ್ಚಿ ಸಾಲದೆ ಕೆಲವರು ಕಾರುಗಳ ಫುಟ್‌ಬೋರ್ಡಿನ ಮೇಲೆಯೇ ಕುಳಿತು ಸಭೆ ನಡೆಸಿದರು. ಹೆಸರಾಂತ ಆಟಗಾರ ಜಿಮ್ ಥೋರ್ಪ್ ಅಧ್ಯಕ್ಷರಾದರು. ನ್ಯಾಷನಲ್ ಫುಟ್‌ಬಾಲ್ ಲೀಗ್ (ಎನ್‌ಎಫ್‌ಎಲ್) ಎಂಬ ಈಗಿನ ಹೆಸರು ಬಂದದ್ದು 1922ರಲ್ಲಿ. ಲೀಗನ್ನು ನಿಜವಾಗಿ ಗಟ್ಟಿಗೊಳಿಸಿದ್ದು ಮಾತ್ರ, ನನ್ನ ದೃಷ್ಟಿಯಲ್ಲಿ, 1960ರ ದಶಕದ ಟಿವಿ ಒಪ್ಪಂದ: ಪ್ರಸಾರದ ಹಣವನ್ನು ಎಲ್ಲ ತಂಡಗಳೂ ಸಮನಾಗಿ ಹಂಚಿಕೊಂಡಿದ್ದರಿಂದ ಗ್ರೀನ್ ಬೇಯಂಥ ಸಣ್ಣ ಊರಿನ ತಂಡವೂ ನ್ಯೂಯಾರ್ಕಿನ ಎದುರು ನಿಲ್ಲಬಲ್ಲದಾಯಿತು. ಎದುರಾಳಿ ಲೀಗ್ ಎಎಫ್‌ಎಲ್ 1970ರಲ್ಲಿ ಇದರೊಳಗೇ ವಿಲೀನವಾಯಿತು.