ಓದುಗರ ಪ್ರಶ್ನೆಗೆ ಉತ್ತರ: ಆ 93 ನಿಮಿಷಗಳು ಎಲ್ಲಿ ಹೋದವು?

ಪ್ರಶ್ನೆ: ನಾನು ಕಾಸರಗೋಡಿನ ಬದಿಯಡ್ಕದ ಸಮೀಪದ ಶಾಲೆಯೊಂದರಲ್ಲಿ ಅಧ್ಯಾಪಕ, ವಯಸ್ಸು 41. ಗೋವಾದ ಐರನ್‌ಮ್ಯಾನ್ 70.3 ಸ್ಪರ್ಧೆಗೆ (ಒಂದೇ ದಿನ 1.9 ಕಿಲೋಮೀಟರ್ ಈಜು, 90 ಕಿಲೋಮೀಟರ್ ಸೈಕಲ್, 21.1 ಕಿಲೋಮೀಟರ್ ಓಟ) ಬಹಳ ಶ್ರದ್ಧೆಯಿಂದ ಸಿದ್ಧನಾಗಿದ್ದೆ. ಈಜು ತೋಟದ ಕೆರೆಯಲ್ಲಿ ಮತ್ತು ಮಳೆಗಾಲ ಕಳೆದ ಮೇಲೆ ಕಣ್ವತೀರ್ಥದ ಕಡಲಿನಲ್ಲಿ, ಸೈಕಲ್ ಕುಂಬಳೆಯಿಂದ ಮುಳ್ಳೇರಿಯದ ರಸ್ತೆಯಲ್ಲಿ, ಓಟ ಊರಿನ ಏರುದಾರಿಯಲ್ಲಿ. ಶಾಲೆಗೆ ಹೊತ್ತಾಗಬಾರದೆಂದು ನಸುಕಿನಲ್ಲೇ ಎದ್ದು ಎಲ್ಲವನ್ನೂ ಮುಗಿಸುತ್ತಿದ್ದೆ. ರಜಾದಿನಗಳಲ್ಲೂ ಬಿಸಿಲೇರುವ ಮುನ್ನ ಮನೆ ಸೇರುತ್ತಿದ್ದೆ. ಆರೂವರೆ ಗಂಟೆಯಲ್ಲಿ ಮುಗಿಸುವ ಲೆಕ್ಕಾಚಾರವಿತ್ತು: ಈಜಿಗೆ 48 ನಿಮಿಷ, ಸೈಕಲ್‌ಗೆ 3 ಗಂಟೆ 20 ನಿಮಿಷ, ಓಟಕ್ಕೆ 2 ಗಂಟೆ 10 ನಿಮಿಷ, ಬಟ್ಟೆ–ಬೂಟು ಬದಲಿಸುವುದಕ್ಕೆ 12 ನಿಮಿಷ. ಈಜು ಎಣಿಸಿದಂತೆಯೇ ಆಯಿತು. ಸೈಕಲ್ 3 ಗಂಟೆ 5 ನಿಮಿಷದಲ್ಲೇ ಮುಗಿದು ಬಹಳ ಹುರುಪು ಬಂತು. ಅಭ್ಯಾಸದಲ್ಲಿ 140ರ ಆಸುಪಾಸಿನಲ್ಲಿರುತ್ತಿದ್ದ ನನ್ನ ಹೃದಯ ಬಡಿತ ಅಂದು 155ಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಸೈಕಲ್ ಮೇಲೆ ಮೂರು ಜೆಲ್ (ಶಕ್ತಿಗಾಗಿ ತಿನ್ನುವ, ಪೊಟ್ಟಣದಲ್ಲಿ ಬರುವ ಸಿಹಿ ಪಾಕ) ತಿಂದಿದ್ದೆ, ಬಾಯಾರಿದಾಗಲೆಲ್ಲ ನೀರು ಕುಡಿದಿದ್ದೆ. ಹನ್ನೊಂದೂವರೆಗೆ ಓಟ ಆರಂಭಿಸಿದಾಗ ಕಾಲು ಸೋತಂತಾಗಿ ಒಂದರ ಮೇಲೊಂದು ಎರಡು ಜೆಲ್ ತಿಂದೆ. ಆಮೇಲೆ ಹೆಜ್ಜೆಹೆಜ್ಜೆಗೂ ಹೊಟ್ಟೆಯಲ್ಲಿ ನೀರು ಕುಲುಕುವ ಸದ್ದು, ಸ್ವಲ್ಪ ಹೊತ್ತಿಗೆ ವಾಂತಿ, ತೊಡೆಯಲ್ಲಿ ಸೆಳೆತ. ಕಪ್ಪು ಅಂಗಿಯ ಮೇಲೆ ಉಪ್ಪಿನ ಬಿಳಿ ಗೆರೆಗಳು ಮೂಡಿದ್ದವು. ಉಳಿದ ದಾರಿಯನ್ನು ಬಹುತೇಕ ನಡೆದೇ ಮುಗಿಸಿದೆ. ಓಟಕ್ಕೆ 3 ಗಂಟೆ 43 ನಿಮಿಷ, ಒಟ್ಟು 7 ಗಂಟೆ 52 ನಿಮಿಷ. ಊರಿನಲ್ಲಿ ಎಲ್ಲರೂ ಅಭಿನಂದಿಸುತ್ತಾರೆ, ಶಾಲೆಯಲ್ಲಿ ಶಾಲು ಹೊದಿಸಿದರು. ನನಗೆ ಮಾತ್ರ ಆ ಪದಕವನ್ನು ನೋಡಲು ಮನಸ್ಸಾಗುವುದಿಲ್ಲ. ಓಟದಲ್ಲಿ ನಾನು ಇಷ್ಟು ದುರ್ಬಲನೆ? ಮುಂದಿನ ವರ್ಷಕ್ಕೆ ಓಟದ ಅಭ್ಯಾಸವನ್ನು ಇಮ್ಮಡಿಗೊಳಿಸಬೇಕೆ, ಅಥವಾ ಈ ಹವ್ಯಾಸವನ್ನೇ ಬಿಡುವುದು ಒಳ್ಳೆಯದೆ?

ಉತ್ತರ: ಮುಗಿಸಿದ್ದೇ ದೊಡ್ಡದು ಎಂದು ನಿಮಗೆ ಈಗಾಗಲೇ ಅನೇಕರು ಹೇಳಿರುವುದರಿಂದ ನಾನು ಅದನ್ನು ಮತ್ತೆ ಹೇಳುವುದಿಲ್ಲ. ಎಂಟೂವರೆ ಗಂಟೆಯ ಗಡುವಿನೊಳಗೆ ನೀವು ಮುಗಿಸಿದ್ದೀರಿ, ಅದು ನಿಜ; ಆದರೆ ಒಂದು ವರ್ಷದ ನಸುಕುಗಳನ್ನು ಒಂದು ಗುರಿಗಾಗಿ ಕೊಟ್ಟ ಮನುಷ್ಯನಿಗೆ ಆ ಗುರಿ ತಪ್ಪಿದಾಗ ದುಃಖವಾಗುವುದು ಸಹಜ, ಆ ದುಃಖಕ್ಕೆ ಶಾಲು ಹೊದಿಸಿ ಮುಚ್ಚುವ ಅಗತ್ಯವಿಲ್ಲ. ಅಗತ್ಯವಿರುವುದು ಸರಿಯಾದ ಲೆಕ್ಕ. ನಿಮ್ಮ ಪತ್ರದಲ್ಲೇ ಆ ಲೆಕ್ಕಕ್ಕೆ ಬೇಕಾದುದೆಲ್ಲ ಇದೆ, ಮತ್ತು ಅದು ನೀವು ನಿಮ್ಮ ಮೇಲೆ ಹೊರಿಸಿಕೊಂಡ ಆರೋಪವನ್ನು ಎತ್ತಿಹಿಡಿಯುವುದಿಲ್ಲ.

ಓಟದಲ್ಲಿ ನೀವು ಕಳೆದುಕೊಂಡದ್ದು 93 ನಿಮಿಷ. ಕಾಲಿನ ಶಕ್ತಿ ಕಡಿಮೆಯಿದ್ದವರು 21.1 ಕಿಲೋಮೀಟರಿನಲ್ಲಿ ಹತ್ತು–ಇಪ್ಪತ್ತು ನಿಮಿಷ ಹಿಂದುಳಿಯುತ್ತಾರೆ; ಒಂದೂವರೆ ಗಂಟೆ ಹಿಂದುಳಿಯಬೇಕಾದರೆ ಬೇರೇನೋ ಆಗಿರಬೇಕು. ಅದು ಆದದ್ದು ಸೈಕಲ್ ಮೇಲೆ, ನೀವು ಹುರುಪಿನಲ್ಲಿದ್ದ ಆ ಮೂರು ಗಂಟೆಗಳಲ್ಲಿ. ಲೆಕ್ಕದ ಪ್ರಕಾರ ಗಂಟೆಗೆ 27 ಕಿಲೋಮೀಟರ್ ವೇಗದಲ್ಲಿ ಹೋಗಬೇಕಾದವರು 29ಕ್ಕಿಂತ ಹೆಚ್ಚಿನ ವೇಗದಲ್ಲಿ ಹೋಗಿ 15 ನಿಮಿಷ ಉಳಿಸಿದಿರಿ. ಹೃದಯ ಬಡಿತ 155ರಲ್ಲೇ ನಿಂತದ್ದು ಆ ಉಳಿತಾಯದ ಬೆಲೆಯನ್ನು ಹೇಳುತ್ತಿತ್ತು.

ಆದರೆ ವೇಗವೊಂದೇ ಕಾರಣವಲ್ಲ, ಅದಕ್ಕಿಂತ ಮುಖ್ಯವಾದುದು ಸೆಕೆ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚು, ಗೋವಾದಲ್ಲೂ ಹಾಗೆಯೇ. ಬೆವರು ಆವಿಯಾಗಿ ಹೋದರೆ ಮಾತ್ರ ಮೈ ತಂಪಾಗುತ್ತದೆ. ತೇವದ ಗಾಳಿಯಲ್ಲಿ ಅದು ಆವಿಯಾಗದೆ ತೊಟ್ಟಿಕ್ಕಿ ನೆಲಕ್ಕೆ ಬಿದ್ದರೆ ಮೈಯ ನೀರು ಖರ್ಚಾಯಿತೇ ಹೊರತು ಬಿಸಿ ಇಳಿಯಲಿಲ್ಲ. ಆಗ ದೇಹವು ಹೆಚ್ಚು ರಕ್ತವನ್ನು ಚರ್ಮದ ಕಡೆಗೆ ಕಳುಹಿಸುತ್ತದೆ, ಸ್ನಾಯುಗಳಿಗೂ ರಕ್ತ ಬೇಕು, ಹಾಗಾಗಿ ಹೊಟ್ಟೆ ಮತ್ತು ಕರುಳಿನ ಪಾಲು ಕಡಿತಗೊಳ್ಳುತ್ತದೆ. ಬೆವರಿನಿಂದ ರಕ್ತದ ಪ್ರಮಾಣವೂ ಇಳಿಯುವುದರಿಂದ, ಅದೇ ವೇಗವನ್ನು ಉಳಿಸಿಕೊಳ್ಳಲು ಹೃದಯ ಇನ್ನಷ್ಟು ಬೇಗ ಬಡಿದುಕೊಳ್ಳಬೇಕಾಗುತ್ತದೆ. ಹೊಟ್ಟೆಯಲ್ಲಿ ನೀರು ಕುಲುಕುವ ಸದ್ದು ಎಂದು ನೀವು ಬರೆದ ಒಂದು ಸಾಲು ನನಗೆ ಉಳಿದೆಲ್ಲ ಅಂಕಿಅಂಶಗಳಿಗಿಂತ ಹೆಚ್ಚು ಹೇಳಿತು: ಜಠರ ತನ್ನ ಕೆಲಸವನ್ನು ಬಹುಮಟ್ಟಿಗೆ ನಿಲ್ಲಿಸಿತ್ತು, ಕುಡಿದದ್ದು ಕೆಳಗೆ ಇಳಿಯುತ್ತಿರಲಿಲ್ಲ. ಅಂಥ ಹೊಟ್ಟೆಗೆ ಮಂದವಾದ ಎರಡು ಜೆಲ್ ಒಟ್ಟಿಗೆ ಬಿದ್ದರೆ ವಾಂತಿಯಾಗುವುದು ಆಶ್ಚರ್ಯವಲ್ಲ.

ಇನ್ನು ಆಹಾರ. ಒಂದು ಜೆಲ್‌ನಲ್ಲಿ ಸಾಮಾನ್ಯವಾಗಿ 25 ಗ್ರಾಮಿನಷ್ಟು ಶರ್ಕರಪಿಷ್ಟ ಇರುತ್ತದೆ. ಮೂರು ಗಂಟೆಗೆ ಮೂರು ಜೆಲ್ ಎಂದರೆ ಗಂಟೆಗೆ 25 ಗ್ರಾಂ. ಇಷ್ಟು ದೀರ್ಘ ಸ್ಪರ್ಧೆಗೆ ಗಂಟೆಗೆ ಕನಿಷ್ಠ 60 ಗ್ರಾಂ ಬೇಕು. ಗ್ಲೂಕೋಸ್ ಜೊತೆಗೆ ಫ್ರಕ್ಟೋಸ್ ಸೇರಿಸಿ, ಹೊಟ್ಟೆಗೆ ಮೊದಲೇ ರೂಢಿ ಮಾಡಿಸಿದವರು 90 ಗ್ರಾಂವರೆಗೂ ತೆಗೆದುಕೊಳ್ಳುತ್ತಾರೆ. ಸ್ನಾಯು ಮತ್ತು ಯಕೃತ್ತಿನಲ್ಲಿ ಸಂಗ್ರಹವಾಗಿರುವ ಗ್ಲೈಕೋಜನ್, ಅಂದರೆ ಶರ್ಕರಪಿಷ್ಟದ ದಾಸ್ತಾನು, ಸುಮಾರು 400ರಿಂದ 500 ಗ್ರಾಂ ಮಾತ್ರ. ಅಂದು ನೀವು ಹೋದ ವೇಗದಲ್ಲಿ ಅದರ ಬಹುಭಾಗ ಸೈಕಲ್ ಇಳಿಯುವ ಹೊತ್ತಿಗೇ ಕರಗಿರಬೇಕು. ಕಾಲು ಸೋತಂತಾದದ್ದು ಆಗಲೇ. ಅಲ್ಲಿಂದ ಮುಂದೆ ಎಷ್ಟೇ ಮನೋಬಲವಿದ್ದರೂ ಓಟ ಸಾಧ್ಯವಿರಲಿಲ್ಲ.

ಕುಡಿಯುವ ವಿಷಯ ಈ ಕ್ರೀಡೆಯಲ್ಲಿ ಮೊದಲ ದಿನದಿಂದಲೂ ಫಲಿತಾಂಶ ಬದಲಿಸಿದೆ. 1978ರ ಫೆಬ್ರುವರಿಯಲ್ಲಿ ಹವಾಯಿಯ ಒವಾಹು ದ್ವೀಪದಲ್ಲಿ ಮೊತ್ತಮೊದಲ ಐರನ್‌ಮ್ಯಾನ್ ನಡೆದಾಗ 15 ಮಂದಿ ಹೊರಟು 12 ಮಂದಿ ಮುಗಿಸಿದರು. ಓಟದ ಆರಂಭದಲ್ಲಿ ಮುಂದಿದ್ದ ಜಾನ್ ಡನ್‌ಬಾರ್ ಅವರ ಸಹಾಯಕರ ಬಳಿ ನೀರು ಮುಗಿದು, ಅವರಿಗೆ ಬಿಯರ್ ಕೊಟ್ಟರೆಂಬುದು ಈ ಕ್ರೀಡೆಯವರೆಲ್ಲ ಹೇಳುವ ಕಥೆ. ಗೆದ್ದವರು ಹಿಂದಿನಿಂದ ಬಂದ ಗಾರ್ಡನ್ ಹಾಲರ್. ಡನ್‌ಬಾರ್ ಓಟದಲ್ಲಿ ದುರ್ಬಲರಾಗಿದ್ದರೆಂದು ಯಾರೂ ಹೇಳುವುದಿಲ್ಲ.

ಆದ್ದರಿಂದ ಓಟದ ಅಭ್ಯಾಸವನ್ನು ದಯವಿಟ್ಟು ಇಮ್ಮಡಿಗೊಳಿಸಬೇಡಿ. 41ನೆಯ ವಯಸ್ಸಿನಲ್ಲಿ ಅದರಿಂದ ಬರುವುದು ಮೊಣಕಾಲಿನ ನೋವು ಮಾತ್ರ. ಬದಲಾಗಬೇಕಾದುದು ನಿಮ್ಮ ಅಭ್ಯಾಸದ ಹೊತ್ತು. ಇಡೀ ವರ್ಷ ನೀವು ನಸುಕಿನ ತಂಪಿನಲ್ಲಿ ತಯಾರಾಗಿ, ನಡುಹಗಲಿನ ಬಿಸಿಲಿನಲ್ಲಿ ಓಡಿದಿರಿ. ಆರೂವರೆ ಗಂಟೆಯೆಂಬ ನಿಮ್ಮ ಗುರಿ ಹುಟ್ಟಿದ್ದು ಕೂಡ ಆ ತಂಪಿನ ಹೊತ್ತಿನ ಅಂಕಿಗಳಿಂದ. ಗೋವಾದ ಸೆಕೆಗೆ ಸಿದ್ಧರಾಗಲು ಬೆಂಗಳೂರಿನವರು ಪರದಾಡಬೇಕಾಗುತ್ತದೆ. ಕಾಸರಗೋಡಿನವರಿಗೆ ಅದು ಮನೆಯಂಗಳದಲ್ಲೇ ಇದೆ.

ದೇಹವು ಸೆಕೆಗೆ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಸಾಕು. ಆ ಅವಧಿಯಲ್ಲಿ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಆರಂಭವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಅಭ್ಯಾಸ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಈ ಲಾಭ ಕರಗಿಹೋಗುವುದರಿಂದ ಇದನ್ನು ಸ್ಪರ್ಧೆಗೆ ಹತ್ತಿರದ ವಾರಗಳಲ್ಲೇ ಮಾಡಬೇಕು. ಮೊದಲು ನಿಧಾನವಾಗಿ ಅರ್ಧ ಗಂಟೆ, ಕ್ರಮೇಣ ಒಂದು ಗಂಟೆ ಮೀರಿ, ಹಗಲು ಹೊತ್ತಿನಲ್ಲಿ ಓಡಿ. ಒಬ್ಬರೇ ಹೋಗಬೇಡಿ. ಬಿಸಿಲಿನಲ್ಲಿ ಮೈ ನವಿರೆದ್ದು ಚಳಿಯಾದರೆ, ತಲೆ ಸುತ್ತಿದರೆ, ಮಾತು ತಡವರಿಸಿದರೆ ಆ ಕ್ಷಣವೇ ನಿಲ್ಲಿಸಿ ನೆರಳು ಸೇರಿ ಮೈಗೆ ನೀರು ಸುರಿದುಕೊಳ್ಳಬೇಕು. ಆರಂಭಿಸುವ ಮುನ್ನ ವೈದ್ಯರಲ್ಲಿ ರಕ್ತದೊತ್ತಡ ಮತ್ತು ಹೃದಯದ ತಪಾಸಣೆ ಮಾಡಿಸಿಕೊಳ್ಳಿ.

ಅಂಗಿಯ ಮೇಲಿನ ಬಿಳಿ ಗೆರೆಗಳು ನಿಮ್ಮ ಬೆವರಿನಲ್ಲಿ ಉಪ್ಪು ಹೆಚ್ಚೆಂದು ಸೂಚಿಸುತ್ತವೆ. ಎಷ್ಟು ಬೆವರುತ್ತೀರಿ ಎಂಬುದನ್ನು ಮನೆಯಲ್ಲೇ ಅಳೆಯಬಹುದು: ಒಂದು ಗಂಟೆಯ ಓಟಕ್ಕೆ ಮೊದಲು ಮತ್ತು ಆಮೇಲೆ ಮೈ ಒರೆಸಿಕೊಂಡು ತೂಕ ನೋಡಿ, ಇಳಿದ ಒಂದು ಕಿಲೋ ಎಂದರೆ ಒಂದು ಲೀಟರ್ ಬೆವರು, ನಡುವೆ ಕುಡಿದದ್ದನ್ನೂ ಅದಕ್ಕೆ ಸೇರಿಸಬೇಕು. ಹಾಗೆಂದು ಕಳೆದುಕೊಂಡದ್ದನ್ನೆಲ್ಲ ಬರಿಯ ನೀರಿನಿಂದ ತುಂಬಲು ಹೋಗಬಾರದು. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ರಕ್ತ ಪರೀಕ್ಷೆಗೆ ಒಳಗಾದ 488 ಓಟಗಾರರಲ್ಲಿ ಶೇ. 13ರಷ್ಟು ಮಂದಿಯಲ್ಲಿ ಸೋಡಿಯಂ (ಉಪ್ಪಿನ ಅಂಶ) ಸಾಮಾನ್ಯ ಮಟ್ಟಕ್ಕಿಂತ ತಗ್ಗಿತ್ತು. ದಾರಿಯುದ್ದಕ್ಕೂ ಅತಿಯಾಗಿ ಕುಡಿದು ತೂಕ ಹೆಚ್ಚಿಸಿಕೊಂಡವರಲ್ಲೇ ಇದು ಹೆಚ್ಚಾಗಿ ಕಂಡುಬಂತು.

ದುಬಾರಿ ಜೆಲ್‌ಗಳೇ ಬೇಕೆಂದಿಲ್ಲ. 750 ಮಿಲಿಲೀಟರಿನ ಬಾಟಲಿಗೆ 45 ಗ್ರಾಂ ಸಕ್ಕರೆ, ಕಾಲು ಟೀ ಚಮಚ ಉಪ್ಪು, ರುಚಿಗೆ ನಿಂಬೆರಸ. ಗಂಟೆಗೆ ಅಂಥ ಒಂದು ಬಾಟಲಿ, ಜೊತೆಗೊಂದು ಕದಳಿ ಬಾಳೆಹಣ್ಣು. ಸಕ್ಕರೆಯಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಸಮಪಾಲಿನಲ್ಲಿರುವುದರಿಂದ ಕರುಳಿಗೆ ಹೀರಿಕೊಳ್ಳಲು ಅನುಕೂಲ. ಇದನ್ನು ಪ್ರತಿ ದೀರ್ಘ ಸೈಕಲ್ ಸವಾರಿಯಲ್ಲೂ ಸಣ್ಣ ಸಣ್ಣ ಗುಟುಕುಗಳಲ್ಲಿ ರೂಢಿ ಮಾಡಿಕೊಳ್ಳಿ, ಏಕೆಂದರೆ ಹೊಟ್ಟೆಗೂ ಕಾಲಿನಷ್ಟೇ ಅಭ್ಯಾಸ ಬೇಕು. ಸ್ಪರ್ಧೆಯ ದಿನ ಸೈಕಲ್ ಮೇಲೆ ಹೃದಯ ಬಡಿತ 145 ದಾಟಿದರೆ, ಬೇರೆಯವರು ಮುಂದೆ ಹೋದರೂ ಸರಿ, ನೀವು ಗೇರ್ ಇಳಿಸಿ. ಬಿಡುವುದೋ ಮುಂದುವರಿಯುವುದೋ ಎಂಬುದನ್ನು ಈಗ ನಿರ್ಧರಿಸಬೇಡಿ. ಒಮ್ಮೆ ನಡುಹಗಲಿನ ಅಭ್ಯಾಸ ಮಾಡಿ, ಹೊಸ ಅಂಕಿಗಳನ್ನು ಕೈಯಲ್ಲಿಟ್ಟುಕೊಂಡು ಯೋಚಿಸಿ. ಆಗಿನ ಗುರಿ ಏಳು ಗಂಟೆಯೇ ಆಗಿದ್ದರೂ ಅದು ನಿಜವಾದ ಗುರಿಯಾಗಿರುತ್ತದೆ.

ಪ್ರಶ್ನೆ: ನನ್ನ ತಮ್ಮ ಇಂಥದೇ ಸ್ಪರ್ಧೆಯಲ್ಲಿ 1.9 ಕಿಲೋಮೀಟರ್ ಈಜನ್ನು ಗಡುವಿನೊಳಗೆ ಮುಗಿಸಲಾಗದೆ ಹೊರಬಂದ. ಕಡಲಿಗಿಳಿದ ಕೂಡಲೇ ಉಸಿರು ಕಟ್ಟಿದಂತಾಯಿತಂತೆ. ಊರಿಗೆ ಬಂದ ಮೇಲೆ ಜಗಲಿಯಲ್ಲಿರುವ ಸೈಕಲನ್ನು ಮುಟ್ಟಿಲ್ಲ. ಅಕ್ಕನಾಗಿ ನಾನೇನು ಹೇಳಲಿ? (ಓದುಗಿ, ಮಂಜೇಶ್ವರ)

ಉತ್ತರ: ಹೋಗಲಿ ಬಿಡು ಎಂದು ಮಾತ್ರ ಹೇಳಬೇಡಿ, ಅವನು ಅಷ್ಟು ಹಚ್ಚಿಕೊಂಡದ್ದು ಸಣ್ಣ ವಿಷಯವೆಂದು ಅದರ ಅರ್ಥವಾಗುತ್ತದೆ. ನೀರಿನಲ್ಲಿ ಏನಾಯಿತೆಂದು ಕೇಳಿ, ನಡುವೆ ಸಲಹೆ ಕೊಡದೆ ಪೂರ್ತಿ ಕೇಳಿಸಿಕೊಳ್ಳಿ. ಅವನಿಗಾದದ್ದು ಕೆರೆ–ಕೊಳಗಳಲ್ಲಿ ಚೆನ್ನಾಗಿ ಈಜುವವರಿಗೂ ಕಡಲಿನ ಮೊದಲ ಕೆಲವು ನಿಮಿಷಗಳಲ್ಲಿ ಆಗುವಂಥದ್ದು: ಅಲೆ, ಸುತ್ತಲಿನವರ ಕೈಕಾಲಿನ ಬಡಿತ, ಬಾಯಿಗೆ ಹೋದ ಉಪ್ಪುನೀರು, ಎಲ್ಲ ಸೇರಿ ಉಸಿರಿನ ಲಯ ತಪ್ಪುತ್ತದೆ. ಹಾಗಾದಾಗ ಅಂಗಾತ ತೇಲಿ, ಉಸಿರನ್ನು ಉದ್ದವಾಗಿ ಹೊರಬಿಟ್ಟು, ಮತ್ತೆ ಮುಂದುವರಿಯುವುದನ್ನು ಕೆರೆಯಲ್ಲೇ ಕಲಿಯಬಹುದು. ಮೂರು–ನಾಲ್ಕು ಮಂದಿ ಗೆಳೆಯರು ಬೇಕೆಂದೇ ಮೈಗೆ ಮೈ ತಾಗಿಸಿ ಈಜಿದರೆ ಗುಂಪಿನ ಭಯ ಬೇಗ ಹೋಗುತ್ತದೆ. ಕಡಲಿಗೆ ಅವಸರ ಬೇಡ. ಕೇರಳದಲ್ಲಿ ಜೂನ್ 9ರಿಂದ ಜುಲೈ 31ರವರೆಗೆ ಟ್ರಾಲಿಂಗ್ (ಯಾಂತ್ರಿಕ ದೋಣಿಗಳಲ್ಲಿ ಬಲೆ ಎಳೆದು ಮೀನು ಹಿಡಿಯುವುದು) ನಿಷೇಧ ಇರುತ್ತದೆ. ಅದು ಮುಗಿದು ದೋಣಿಗಳು ಇಳಿದ ಮೇಲೂ ಕಡಲು ಪೂರ್ತಿ ಶಾಂತವಾಗಲು ಇನ್ನಷ್ಟು ಕಾಯಬೇಕು. ಆಮೇಲೆ ಕಣ್ವತೀರ್ಥದ ತೀರದ ಮೀನುಗಾರರಲ್ಲಿ ಅಂದಿನ ಸೆಳೆತ ಹೇಗಿದೆಯೆಂದು ವಿಚಾರಿಸಿ, ಈಜು ಬಲ್ಲ ಒಬ್ಬರನ್ನು ಜೊತೆಗಿಟ್ಟುಕೊಂಡು, ದಡಕ್ಕೆ ಸಮಾನಾಂತರವಾಗಿ ಸ್ವಲ್ಪ ಸ್ವಲ್ಪವೇ ಈಜಲಿ. ಸಾಧ್ಯವಾದರೆ ಮೊದಲ ದಿನ ನೀವೂ ಹೋಗಿ ದಡದಲ್ಲಿರಿ.