ಬಸ್ಸುಗಳೆಲ್ಲ ಎಲೆಕ್ಟ್ರಿಕ್ ಆದರೆ ಹೊಗೆ ನಿಜಕ್ಕೂ ಕಡಿಮೆಯಾಗುತ್ತದೆಯೇ?

ಬೆಂಗಳೂರಿನ ಬಸ್ಸುಗಳೆಲ್ಲ ಎಲೆಕ್ಟ್ರಿಕ್ ಆದರೂ ವಿದ್ಯುತ್ತು ಬರುವುದು ಕಲ್ಲಿದ್ದಲಿನಿಂದಲೇ ತಾನೇ, ಲಾಭವೇನು ಎಂದು ಕೇಳಿದ್ದೀರಿ. ನಿಮ್ಮ ಅನುಮಾನದಲ್ಲಿ ಹುರುಳಿದೆ.

ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಊರೊಳಗಿನ ದೊಡ್ಡ ಬಸ್ಸು ಲೀಟರಿಗೆ ನಾಲ್ಕು ಕಿಲೋಮೀಟರ್ ಓಡುತ್ತದೆ ಎಂದುಕೊಳ್ಳಿ. ಕಿಲೋಮೀಟರಿಗೆ ಮುಕ್ಕಾಲು ಕಿಲೋಗೆ ತುಸು ಕಡಿಮೆ. ಅಷ್ಟೇ ದೊಡ್ಡ ಎಲೆಕ್ಟ್ರಿಕ್ ಬಸ್ಸಿಗೆ ಕಿಲೋಮೀಟರಿಗೆ ಹೆಚ್ಚುಕಡಿಮೆ ಒಂದು ಯೂನಿಟ್ ಬೇಕು. ದೇಶದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್ಟಿನ ಹಿಂದೆ ಸರಾಸರಿ 0.7 ಕಿಲೋ ಇಂಗಾಲದ ಡೈಆಕ್ಸೈಡ್ ಇದೆ. ಅಲ್ಲಿಂದಲ್ಲಿಗೆ ಲೆಕ್ಕ ಸರಿಹೋಯಿತು! ಡೀಸೆಲ್ ಶುದ್ಧೀಕರಿಸಿ ಸಾಗಿಸುವ ಹೊಗೆಯನ್ನೂ ಕೂಡಿಸಿದರೆ ಎಲೆಕ್ಟ್ರಿಕ್ ಬಸ್ಸು ಸ್ವಲ್ಪ ಮುಂದಿರುತ್ತದೆ, ಅಷ್ಟೇ.

ಹಾಗಾಗಿ ನನ್ನ ಮಟ್ಟಿಗೆ ಮುಖ್ಯ ಪ್ರಶ್ನೆ, ಚಾರ್ಜ್ ಮಾಡುವುದು ಯಾವಾಗ ಎಂಬುದು. ಬಸ್ಸುಗಳು ಡಿಪೊ ಸೇರುವುದು ರಾತ್ರಿ. ಆ ಹೊತ್ತಿಗೆ ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕ್ ಮಲಗಿರುತ್ತದೆ. ರಾಯಚೂರಿನ ಶಕ್ತಿನಗರದಂಥ, ಕಲ್ಲಿದ್ದಲು ಉರಿಸುವ ಶಾಖೋತ್ಪನ್ನ ಸ್ಥಾವರಗಳ ಮೇಲೆ ಭಾರ ಬೀಳುತ್ತದೆ. ಮಧ್ಯಾಹ್ನ ಜನ ಕಡಿಮೆಯಿರುವಾಗ ಸರದಿಯ ಮೇಲೆ ಚಾರ್ಜ್ ಮಾಡಿದರೆ ಅದೇ ಬಸ್ಸಿನ ಲೆಕ್ಕ ಬಹಳ ಚೆನ್ನಾಗಿ ಬದಲಾಗುತ್ತದೆ. ಇದಕ್ಕೆ ಹೊಸ ಬಸ್ಸು ಬೇಡ, ವೇಳಾಪಟ್ಟಿ ತಿದ್ದಬೇಕು, ಚಾರ್ಜರ್‌ಗಳನ್ನು ಹೆಚ್ಚಿಸಬೇಕು.

ಇಷ್ಟೆಲ್ಲ ಹೇಳಿಯೂ ನಾನು ಎಲೆಕ್ಟ್ರಿಕ್ ಬಸ್ಸಿನ ಪರವೇ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತ ಸಂಚಾರ ಪೊಲೀಸರ ಮೂಗಿಗೆ ನೇರವಾಗಿ ಬಡಿಯುವುದು ಡೀಸೆಲ್ಲಿನ ಮಸಿ ಮತ್ತು ನೈಟ್ರೋಜನ್ ಆಕ್ಸೈಡ್. ಬಸ್ಸಿಗೆ ಹೊಗೆ ಕೊಳವೆಯೇ ಇಲ್ಲದಿದ್ದರೆ ಅಷ್ಟು ವಿಷ ಉಸಿರಾಡುವ ಎತ್ತರದಿಂದ ಹೋಯಿತು. ಟೈರು ಸವೆದು ಏಳುವ ದೂಳು ಮಾತ್ರ ಹೋಗುವುದಿಲ್ಲ. ಬ್ಯಾಟರಿಯ ತೂಕದಿಂದ ಅದು ಇನ್ನಷ್ಟು ಹೆಚ್ಚಲೂಬಹುದು. ಚಾಲಕರಿಗೆ ದಿನವಿಡೀ ಕ್ಲಚ್ ತುಳಿದು ಗೇರ್ ಬದಲಿಸುವ ಕಾಟ ತಪ್ಪುತ್ತದೆ. ಪಕ್ಕದಲ್ಲಿ ಕಾದ ಎಂಜಿನ್ ಇಲ್ಲದಿರುವುದು ಬೇಸಿಗೆಯಲ್ಲಿ ಸಣ್ಣ ಮಾತಲ್ಲ.

ಯಾರೂ ಹೆಚ್ಚು ಚರ್ಚಿಸದ ಪರಿಣಾಮ ಇನ್ನೊಂದಿದೆ. 2021ರ ಕೊನೆಯಿಂದ ಬೆಂಗಳೂರಿನ ನಗರ ಸಾರಿಗೆ ನಿಗಮವಾದ ಬಿಎಂಟಿಸಿಗೆ ಬಂದ ಎಲೆಕ್ಟ್ರಿಕ್ ಬಸ್ಸುಗಳು ನಿಗಮದ ಸ್ವಂತದ್ದಲ್ಲ. ಬಸ್ಸೂ ಚಾಲಕರೂ ಗುತ್ತಿಗೆ ಕಂಪನಿಯವರು, ನಿರ್ವಾಹಕರು ಮಾತ್ರ ನಿಗಮದವರು. ಓಡಿದ ಕಿಲೋಮೀಟರಿಗೆ ಇಂತಿಷ್ಟು ಎಂದು ನಿಗಮ ಹಣ ಕೊಡುತ್ತದೆ. ಕೋಟಿಗಟ್ಟಲೆ ಬಂಡವಾಳ ಒಮ್ಮೆಗೇ ಹಾಕದೆ ಬಸ್ಸು ಸಿಗುವುದು ಈ ಪದ್ಧತಿಯಿಂದಲೇ, ನಿಜ. ಆದರೆ ಚಾಲಕರ ಕಾಯಂ ಸರ್ಕಾರಿ ನೌಕರಿ ಕರಗುವುದೂ ಇದರಿಂದಲೇ.